ಗೀಳಿನ ಮದ್ದಿಗೆ ಯಾರ ಬಾಗಿಲು?

ಕುಂದಲಹಳ್ಳಿಯಲ್ಲಿ ಹಳ್ಳಿ ಎಂಬುದು ಈಗ ಹೆಸರಿನಲ್ಲಷ್ಟೇ ಉಳಿದಿದೆ. 1990ರ ದಶಕದ ಕೊನೆಯಲ್ಲಿ ಹತ್ತಿರದ ಐಟಿಪಿಎಲ್ ತಲೆಯೆತ್ತಿದ ಮೇಲೆ ಹೊಲಗಳು ಬಡಾವಣೆಗಳಾದವು. ಬಡಾವಣೆಗಳಲ್ಲಿ ಅಪಾರ್ಟ್‌ಮೆಂಟುಗಳೂ ಪೇಯಿಂಗ್ ಗೆಸ್ಟ್ ಮನೆಗಳೂ ಎದ್ದವು. ಹಲ್ಲಿನ ವೈದ್ಯರು, ಚರ್ಮದ ವೈದ್ಯರು, ಫಿಸಿಯೋಥೆರಪಿಯವರ ಫಲಕಗಳ ಸಾಲಿಗೆ ಇಂಥ ಬಡಾವಣೆಗಳಲ್ಲಿ ಈಚೆಗೆ ‘ಕೌನ್ಸೆಲಿಂಗ್’, ‘ಥೆರಪಿ’ ಎಂಬ ಫಲಕಗಳೂ ಸೇರಿಕೊಂಡಿವೆ. ಹಲ್ಲು ನೋಯುತ್ತಿರುವವನು ಯಾವ ಬಾಗಿಲು ತಟ್ಟಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಆದರೆ ದಿನಕ್ಕೆ ನಲವತ್ತು ಸಲ ಕೈ ತೊಳೆದು ಚರ್ಮ ಬಿರಿದಿರುವ, ಬೀಗ ಹಾಕಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಮನುಷ್ಯನಿಗೆ ಹಾಗಲ್ಲ. ಅವನು ಯಾರ ಬಳಿ ಹೋಗಬೇಕು? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಒಂದು ಚರಿತ್ರೆಯೇ ಇದೆ.

ಮೊದಲು ಕಾಯಿಲೆಯ ಮಾತು. ಇಂಗ್ಲಿಷಿನ ಮೂರಕ್ಷರಗಳಲ್ಲಿ ಒಸಿಡಿ ಎಂದು ಕರೆಸಿಕೊಳ್ಳುವ ಇದಕ್ಕೆ ಕನ್ನಡದ ಮನೋವೈದ್ಯರು ‘ಗೀಳು’ ಎಂಬ ಹಳೆಯ ಮಾತನ್ನೇ ಒಪ್ಪಿಸಿದ್ದಾರೆ. ಬೇಡವೆಂದರೂ ಒಂದು ಯೋಚನೆ ಮನಸ್ಸಿಗೆ ನುಗ್ಗುತ್ತದೆ: ಕೈಗೆ ಕೊಳೆ ಅಂಟಿದೆ, ಗ್ಯಾಸ್ ಆರಿಸಿಲ್ಲ, ದೇವರ ಮುಂದೆ ನಿಂತಾಗ ಆಡಬಾರದ ಮಾತೊಂದು ನಾಲಿಗೆಯ ತುದಿಗೆ ಬರುತ್ತಿದೆ. ಅದರೊಂದಿಗೆ ಆತಂಕ ಏರುತ್ತದೆ. ಆತಂಕ ತಗ್ಗಿಸಲು ತೊಳೆಯುವುದು, ಪರೀಕ್ಷಿಸುವುದು, ಎಣಿಸುವುದು. ಸ್ವಲ್ಪ ಹೊತ್ತು ನೆಮ್ಮದಿ, ಮತ್ತೆ ಅದೇ. 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು ಶೇ 0.8ರಷ್ಟು ವಯಸ್ಕರಲ್ಲಿ ಈ ತೊಂದರೆ ಇದೆ. ಎಂದರೆ ನೂರಿಪ್ಪತ್ತೈದು ಜನರಲ್ಲಿ ಒಬ್ಬರು. ದೊಡ್ಡ ಅಪಾರ್ಟ್‌ಮೆಂಟೊಂದರಲ್ಲಿ ಐದಾರು ಮಂದಿಯಾದರೂ ಆದರು.

ನಮ್ಮ ಮನೆಗಳಲ್ಲಿ ಇದನ್ನು ಗುರುತಿಸುವುದು ತಡವಾಗುವುದಕ್ಕೆ ಮಡಿಯೂ ಒಂದು ಕಾರಣ. ಅಜ್ಜಿ ಮೂರು ಸಲ ಸ್ನಾನ ಮಾಡಿದರೆ ‘ಮಡಿ ಹೆಂಗಸು’ ಎಂದು ಸುಮ್ಮನಾಗುತ್ತೇವೆ. ಧರ್ಮಾಚರಣೆಗೂ ಗೀಳಿಗೂ ಇರುವ ಹೋಲಿಕೆಯ ಬಗ್ಗೆ ಫ್ರಾಯ್ಡ್ 1907ರಲ್ಲೇ ಲೇಖನ ಬರೆದಿದ್ದ. ಹೋಲಿಕೆ ಇದ್ದೀತು, ಆದರೆ ವ್ಯತ್ಯಾಸವೇ ಮುಖ್ಯ. ಮಡಿಗೆ ಒಂದು ಕೊನೆಯಿದೆ. ಮಡಿ ಬಟ್ಟೆ ಉಟ್ಟು ಪೂಜೆ ಮುಗಿಸಿದ ಅಜ್ಜಿ ಹಾಯಾಗಿ ಊಟಕ್ಕೆ ಕೂರುತ್ತಾಳೆ. ಗೀಳಿನವನ ಸ್ನಾನ ಮುಗಿಯುವುದೇ ಇಲ್ಲ, ಮುಗಿಯಿತೆಂದು ಅವನಿಗೆ ಅನ್ನಿಸುವುದೂ ಇಲ್ಲ.

ಇಂಥವರು ಹಿಂದೆ ಎಲ್ಲಿಗೆ ಹೋಗುತ್ತಿದ್ದರು? 1847ರಲ್ಲಿ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ತೆರೆಯಿತು. 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು, 1930ರ ದಶಕದಲ್ಲಿ ಹೊಸೂರು ರಸ್ತೆಯ ಬಳಿಯ ಹೊಸ ಕಟ್ಟಡಗಳಿಗೆ ಬಂತು. ಆದರೆ ಅಂಥ ಆಸ್ಪತ್ರೆಗಳು ಮನೆಯವರ ಕೈಮೀರಿದವರಿಗಾಗಿ ಇದ್ದವು. ಗೀಳಿನವನು ಕಚೇರಿಗೆ ಹೋಗುತ್ತಾನೆ, ಲೆಕ್ಕ ಬರೆಯುತ್ತಾನೆ, ಬಾಡಿಗೆ ಕಟ್ಟುತ್ತಾನೆ. ತನ್ನ ಯೋಚನೆ ಅರ್ಥವಿಲ್ಲದ್ದೆಂದು ಬಹುಮಟ್ಟಿಗೆ ಅವನಿಗೇ ಗೊತ್ತು. ಅವನಿಗೆ ಅಲ್ಲಿ ಏನು ಕೆಲಸ?

ಅವನು ಹೋಗುತ್ತಿದ್ದ ಬಾಗಿಲುಗಳನ್ನು ತಿಳಿಯಬೇಕಾದರೆ ಕೋಟಕ್ಕೆ ಬರಬೇಕು. ಶಿವರಾಮ ಕಾರಂತರ ಹುಟ್ಟೂರಾದ, ಅಂದು ದಕ್ಷಿಣ ಕನ್ನಡದಲ್ಲಿದ್ದು ಈಗ ಉಡುಪಿ ಜಿಲ್ಲೆಗೆ ಸೇರಿದ ಈ ಊರಿನಲ್ಲಿ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೆ ಹೋಗಿ ಜನರ ಮನಸ್ಸಿನ ತೊಂದರೆಗಳನ್ನು ಕೇಳಿ ಬರೆದುಕೊಂಡರು. ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಅವರ ಪುಸ್ತಕ 1976ರಲ್ಲಿ ಬಂತು. ಕೋಟದ ಜನಕ್ಕೆ ಆಯ್ಕೆಗೆ ಬರವಿರಲಿಲ್ಲ. ನಾಡಿ ನೋಡಿ ಕಷಾಯ ಕೊಡುವ ಪಂಡಿತರಿದ್ದರು, ತಾಯಿತ ಕಟ್ಟುವ ಮಂತ್ರವಾದಿಗಳಿದ್ದರು, ಮೈಮೇಲೆ ದೈವ ಬರಿಸಿಕೊಂಡು ನುಡಿ ಕೊಡುವ ಪಾತ್ರಿಗಳಿದ್ದರು, ಇಂಗ್ಲಿಷ್ ಔಷಧದ ಡಾಕ್ಟರೂ ಇದ್ದರು. ಒಬ್ಬರ ಬಳಿ ಹೋದವರು ಇನ್ನೊಬ್ಬರ ಬಳಿಯೂ ಹೋಗುತ್ತಿದ್ದರು. ಅದರಲ್ಲಿ ವಿರೋಧವೇನೂ ಅವರಿಗೆ ಕಾಣುತ್ತಿರಲಿಲ್ಲ. ಈ ಪಾರಂಪರಿಕರನ್ನು ಕಪೂರ್ ತಳ್ಳಿಹಾಕಲಿಲ್ಲ. ಅವರ ಮೇಲೆ ಜನರಿಗಿದ್ದ ನಂಬಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಕೆಲಸ ಸಾಗದೆಂಬುದು ಅವರ ನಿಲುವು. ಇಂದು ಕುಂದಲಹಳ್ಳಿಯ ಸಾಫ್ಟ್‌ವೇರ್ ಉದ್ಯೋಗಿ ಮೊದಲು ಜ್ಯೋತಿಷಿಗೆ, ಆಮೇಲೆ ಯೋಗ ಶಿಬಿರಕ್ಕೆ, ಅದಾದ ಮೇಲೆ ಮೊಬೈಲಿನಲ್ಲಿ ಸಿಕ್ಕ ಕೌನ್ಸೆಲರಿಗೆ ಹೋಗುವುದನ್ನು ಕಂಡು ನಗುವವರು ಕೋಟವನ್ನು ನೆನೆಯಬೇಕು. ಬಾಗಿಲುಗಳು ಬದಲಾಗಿವೆ, ಅಲೆದಾಟ ಹಳೆಯದೇ.

ಮನಸ್ಸಿನ ಚಿಕಿತ್ಸೆಗೆಂದೇ ಕಲಿತವರು ನಮ್ಮಲ್ಲಿ ತಯಾರಾದದ್ದು ಸ್ವಾತಂತ್ರ್ಯದ ನಂತರ. ಭೋರ್ ಸಮಿತಿ 1946ರಲ್ಲಿ ತರಬೇತಿ ಸಂಸ್ಥೆ ಬೇಕೆಂದು ಹೇಳಿತ್ತು. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷ ಅಲ್ಲಿ ಮನೋವೈದ್ಯರಿಗೆ ಒಂದು, ಮನಶ್ಶಾಸ್ತ್ರ ಓದಿದವರಿಗೆ ಒಂದು, ಹೀಗೆ ಎರಡು ಡಿಪ್ಲೊಮಾ ತರಗತಿಗಳು ಶುರುವಾದವು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಮನೋವೈದ್ಯ ಬೇರೆ, ಚಿಕಿತ್ಸಾ ಮನಶ್ಶಾಸ್ತ್ರಜ್ಞ ಬೇರೆ ಎಂಬುದು ಹೀಗೆ 1955ರಿಂದಲೇ ನಮ್ಮೂರಿನಲ್ಲಿ ಇದ್ದರೂ ಜನಸಾಮಾನ್ಯರಿಗೆ ಇಂದಿಗೂ ಎರಡೂ ಒಂದೇ. ಮೊದಲನೆಯವರು ಎಂಬಿಬಿಎಸ್ ಮುಗಿಸಿ ಮನೋವೈದ್ಯ ಓದಿದವರು, ಔಷಧ ಬರೆಯಬಲ್ಲವರು. ಎರಡನೆಯವರ ಕೆಲಸ ಮಾತು ಮತ್ತು ಅಭ್ಯಾಸಗಳಿಂದ.

ಆದರೆ ಯಾವ ಮಾತು? ಇದರ ಬಗ್ಗೆ ಒಂದು ಸೊಗಸಾದ ಚರ್ಚೆ ನಡೆಯಿತು. ಪಾಶ್ಚಾತ್ಯ ಮನೋವಿಶ್ಲೇಷಣೆಯಲ್ಲಿ ಚಿಕಿತ್ಸಕ ಹೆಚ್ಚು ಮಾತಾಡುವುದಿಲ್ಲ. ರೋಗಿಯೇ ತನ್ನೊಳಗನ್ನು ತೋಡಿಕೊಳ್ಳಬೇಕು. ಬೆಂಗಳೂರಿನ ಸಂಸ್ಥೆಯ ಎನ್. ಸಿ. ಸೂರ್ಯ ತಮ್ಮ ಸಹೋದ್ಯೋಗಿಯೊಬ್ಬರೊಡನೆ 1964ರಲ್ಲಿ ಲೇಖನ ಬರೆದು, ಈ ಕ್ರಮ ನಮ್ಮ ರೋಗಿಗೆ ಒಗ್ಗದು, ಅವನು ಹಿರಿಯರಿಂದ ನೇರವಾದ ಆಸರೆ ಬಯಸುತ್ತಾನೆ ಎಂಬ ಮಾತನ್ನು ಮುಂದಿಟ್ಟರು. 1973ರಲ್ಲಿ ಜೆ. ಎಸ್. ನೇಕಿ ಅವರು ಗುರು-ಶಿಷ್ಯ ಸಂಬಂಧವೇ ಭಾರತೀಯ ಚಿಕಿತ್ಸೆಗೆ ಮಾದರಿಯಾಗಬಹುದೆಂದರು. ಮಾತಿನಲ್ಲಿ ನಿಜವಿದೆ. ‘ನಿಮಗೇನನ್ನಿಸುತ್ತದೆ?’ ಎಂದು ಕೇಳಿ ಸುಮ್ಮನೆ ಕೂರುವ ಡಾಕ್ಟರನ್ನು ಕಂಡರೆ ನಮ್ಮವರು ಇವರಿಗೆ ಏನೂ ಗೊತ್ತಿಲ್ಲವೆಂದೇ ತಿಳಿಯುತ್ತಾರೆ.

ಆದರೆ ಗೀಳಿನ ವಿಷಯದಲ್ಲಿ ಈ ಗುರುವಿನ ಆಸರೆಯೇ ತೊಡಕಾಗಬಲ್ಲದು. ರೋಗಿ ಬಂದು ಕೇಳುವುದು ಒಂದೇ ಪ್ರಶ್ನೆ: ‘ಏನೂ ಆಗುವುದಿಲ್ಲ ತಾನೆ?’ ಕರುಣೆಯುಳ್ಳ ಗುರು ‘ಏನೂ ಆಗಲ್ಲ ಹೋಗಪ್ಪ’ ಎನ್ನುತ್ತಾನೆ. ರೋಗಿ ಹಗುರಾಗಿ ಹೊರಡುತ್ತಾನೆ. ಬಾಗಿಲು ದಾಟುವುದರೊಳಗೆ ಮತ್ತೆ ಅನುಮಾನ. ಆ ಉತ್ತರ ಕೈ ತೊಳೆಯುವುದರ ಇನ್ನೊಂದು ರೂಪವಾಗಿಬಿಡುತ್ತದೆ. ಮನೆಯವರೂ ಪ್ರೀತಿಯಿಂದಲೇ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಮಗನಿಗಾಗಿ ತಾಯಿ ಹಾಲಿನ ಪ್ಯಾಕೆಟ್ಟುಗಳನ್ನು ಸೋಪಿನಲ್ಲಿ ತೊಳೆಯುತ್ತಾಳೆ, ಹೆಂಡತಿಗಾಗಿ ಗಂಡ ಬೀಗದ ಫೋಟೊ ತೆಗೆದು ಕಳಿಸುತ್ತಾನೆ.

ಇದನ್ನು ಮುರಿಯುವ ದಾರಿ ಲಂಡನ್ನಿನಲ್ಲಿ ಕಂಡಿತು. ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಇಬ್ಬರು ರೋಗಿಗಳ ಚಿಕಿತ್ಸೆಯನ್ನು ವರದಿ ಮಾಡಿದ. ರೋಗಿ ಹೆದರುವ ವಸ್ತುವನ್ನೇ ಮುಟ್ಟಿಸುವುದು, ಮುಟ್ಟಿದ ಮೇಲೆ ತೊಳೆಯದಂತೆ ತಡೆಯುವುದು. ಕೇಳಲು ಒರಟಾಗಿದೆ. ಆದರೆ ಅದರ ಹಿಂದಿನ ಲೆಕ್ಕ ಸರಳ: ಆತಂಕ ಏರುತ್ತದೆ, ತೊಳೆಯದೆ ಕಾದರೆ ತಾನಾಗಿಯೇ ಇಳಿಯುತ್ತದೆ, ಮುಂದಿನ ಸಲ ಏರುವುದು ಕಡಿಮೆ. ಇಂದು ಇದನ್ನು ಮೆಟ್ಟಿಲು ಮೆಟ್ಟಿಲಾಗಿ, ರೋಗಿಯ ಒಪ್ಪಿಗೆಯಿಂದ ಮಾಡಿಸುತ್ತಾರೆ. ಮೊದಲು ಬಾಗಿಲ ಚಿಲಕ, ಆಮೇಲೆ ಬಸ್ಸಿನ ಕಂಬಿ, ನಂತರ ಚಪ್ಪಲಿ. 1970ರ ದಶಕದಲ್ಲಿ ಈ ಬಗೆಯ ನಡವಳಿಕೆ ಚಿಕಿತ್ಸೆ ನಿಮ್ಹಾನ್ಸಿನಲ್ಲಿ ಬೇರೂರಿತು. ಗೀಳಿಗೆ ಇಂದಿಗೂ ಇದಕ್ಕಿಂತ ಗಟ್ಟಿಯಾದ ಮಾತಿನ ಚಿಕಿತ್ಸೆ ಇಲ್ಲ. ಜೊತೆಗೆ ಔಷಧವೂ ಇದೆ. ಖಿನ್ನತೆಗೆ ಕೊಡುವ ಮಾತ್ರೆಗಳೇ, ಹಲವು ಬಾರಿ ಹೆಚ್ಚಿನ ಪ್ರಮಾಣದಲ್ಲಿ. ಗುಣ ಕಾಣಲು ಎಂಟು-ಹತ್ತು ವಾರ ಬೇಕು. ಎರಡು ವಾರ ನುಂಗಿ ಬಿಟ್ಟವರು ‘ಔಷಧ ಹತ್ತಲಿಲ್ಲ’ ಎನ್ನುವುದು ಅವಸರದ ತೀರ್ಪು.

ಹಾಗಾದರೆ ಫಲಕದ ಹಿಂದೆ ಯಾರಿದ್ದಾರೆ? 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಆ ಪದಕ್ಕೆ ವ್ಯಾಖ್ಯೆ ಕೊಟ್ಟಿತು. ಆಪ್ತಸಲಹೆಗಾರರು ಮಾತ್ರ ಬಹುಕಾಲ ಈ ಬೇಲಿಯ ಹೊರಗೇ ಉಳಿದರು. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯಿದೆ ಅವರನ್ನೂ ಪಟ್ಟಿಗೆ ಸೇರಿಸಿತು. ಒಳ್ಳೆಯ ಆಪ್ತಸಲಹೆಗಾರರು ಇಲ್ಲವೆಂದಲ್ಲ. ಕೆಲಸದ ಒತ್ತಡಕ್ಕೆ, ಮನೆಯ ಜಗಳಕ್ಕೆ, ಸಣ್ಣಪುಟ್ಟ ಆತಂಕಕ್ಕೆ ಅವರು ಸಾಕು. ಗೀಳಿನ ರೋಗಿ ಮಾತ್ರ ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬಾರದು. ಇನ್ನೂ ಮುಖ್ಯವಾಗಿ, ‘ನೀವು ಗೀಳಿಗೆ ಏನು ಮಾಡಿಸುತ್ತೀರಿ?’ ಎಂದು ನೇರವಾಗಿ ಕೇಳಬೇಕು. ಹೆದರಿದ್ದನ್ನು ಎದುರಿಸುವ ಅಭ್ಯಾಸ, ಮನೆಯಲ್ಲಿ ಮಾಡಬೇಕಾದ ಪಾಠ, ಮನೆಯವರಿಗೆ ಸೂಚನೆ, ಇಷ್ಟು ಉತ್ತರದಲ್ಲಿ ಬಂದರೆ ಬಾಗಿಲು ಸರಿಯಾದದ್ದೇ. ಬಾಲ್ಯದ ಕಥೆಯನ್ನಷ್ಟೇ ತಿಂಗಳುಗಟ್ಟಲೆ ಕೇಳಿ, ಪ್ರತಿ ವಾರ ಸಮಾಧಾನ ಹೇಳಿ ಕಳಿಸುವುದಾದರೆ ಹಣವೂ ಹೋದೀತು, ಕಾಯಿಲೆಯೂ ಬಲಿತೀತು. ಮೂರೇ ಭೇಟಿಯಲ್ಲಿ ಗುಣಪಡಿಸುವೆನೆಂಬ ಭರವಸೆಯನ್ನೂ ನಂಬಬೇಕಾಗಿಲ್ಲ.

ಭಾಷೆಯದು ಇನ್ನೊಂದು ಪ್ರಶ್ನೆ, ಮತ್ತು ಅದನ್ನು ಯಾರೂ ಹೆಚ್ಚು ಯೋಚಿಸುವುದಿಲ್ಲ. ಕುಂದಲಹಳ್ಳಿಯಲ್ಲಿ ಕಚೇರಿಯ ಮಾತು ಇಂಗ್ಲಿಷ್. ಅಲ್ಲಿನ ಥೆರಪಿಯೂ ಸಾಮಾನ್ಯವಾಗಿ ಅದರಲ್ಲೇ. ಗೀಳಾದರೋ ತಾಯಿ ಕಲಿಸಿದ ಮಾತಿನಲ್ಲಿ ಬಂದು ಕೂರುತ್ತದೆ. ಎಂಜಲು, ಮುಸುರೆ, ಮೈಲಿಗೆ ಈ ಮೂರಕ್ಕೂ ಇಂಗ್ಲಿಷಿನಲ್ಲಿ ‘ಕೊಳೆ’ ಎಂದರೆ ರೋಗಿ ಹೆದರುತ್ತಿರುವುದು ಯಾವುದಕ್ಕೆಂದು ಚಿಕಿತ್ಸಕನಿಗೆ ತಿಳಿಯುವುದು ಹೇಗೆ? ಕನ್ನಡದಲ್ಲಿ ಈ ಮಾತುಗಳನ್ನು ಆಡಲು ದಾರಿ ಮಾಡಿದವರಿದ್ದಾರೆ. ‘ಕೊರವಂಜಿ’ಯ ಸಂಪಾದಕರಾಗಿ ನಗಿಸಿದ ಡಾ. ಎಂ. ಶಿವರಾಂ (ರಾಶಿ) ಮನೋರೋಗಗಳ ಬಗ್ಗೆ ಬರೆದ ‘ಮನ ಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳ ಕಾಲ ಸಣ್ಣ ಸಣ್ಣ ಪುಸ್ತಕಗಳಲ್ಲಿ ಆತಂಕ, ಖಿನ್ನತೆ, ಗೀಳುಗಳನ್ನು ಮನೆಮಾತಾಗಿಸಿದರು.

2023ರ ಮಾರ್ಚಿನಿಂದ ಕುಂದಲಹಳ್ಳಿಗೂ ಮೆಟ್ರೊ ನಿಲ್ದಾಣವಿದೆ. ಹೊಸೂರು ರಸ್ತೆಯ ನಿಮ್ಹಾನ್ಸಿಗೆ ನೇರ ದಾರಿಯಲ್ಲದಿದ್ದರೂ ಮಾರತಹಳ್ಳಿಯ ವಾಹನಗಳ ಸಾಲಿನಲ್ಲಿ ನಿಲ್ಲುವುದು ತಪ್ಪಿದೆ. ಅಲ್ಲಿ ಜನ ಹೆಚ್ಚು, ಕಾಯಬೇಕು. ಖಾಸಗಿಯಲ್ಲಿ ಕಾಯುವುದು ಕಡಿಮೆ, ಶುಲ್ಕ ಹೆಚ್ಚು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಇರಬೇಕೆಂದು 2017ರ ಕಾಯಿದೆ ಹೇಳಿದೆಯಾದರೂ ಆಸ್ಪತ್ರೆ ಸೇರದೆ ವಾರಕ್ಕೊಮ್ಮೆ ಪಡೆಯುವ ಚಿಕಿತ್ಸೆಯ ಖರ್ಚನ್ನು ಹಲವು ಪಾಲಿಸಿಗಳು ಕೊಡುವುದಿಲ್ಲ. ಕಂಪನಿಯ ಪಾಲಿಸಿಯನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಯಾವ ಬಾಗಿಲೆಂದು ಇನ್ನೂ ತೋಚದವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿ ಕೇಳಬಹುದು. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.