ಬೆಂಗಳೂರಿನ ಕಾಲು, ಕಲ್ಕತ್ತೆಯ ಕೀರ್ತಿ

ಅಹ್ಮದ್ ಖಾನ್ ಎಂಬ ಹೆಸರು ಬೆಂಗಳೂರಿನವರಲ್ಲಿ ಎಷ್ಟು ಮಂದಿಗೆ ನೆನಪಿದೆ? 1926ರಲ್ಲಿ ಈ ಊರಿನಲ್ಲಿ ಹುಟ್ಟಿದ ಅವರು 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಕೋಲ್ಕತ್ತದ ಫುಟ್‌ಬಾಲ್ ಅಭಿಮಾನಿಗಳಿಗೆ ಅವರು 'ಹಾವಾಡಿಗ'. ಚೆಂಡು ಅವರ ಬರಿಗಾಲಿನ ಮುಂದೆ ಹಾವಿನಂತೆ ಆಡುತ್ತಿತ್ತಂತೆ.

ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್‌ಗಳು ಇನ್ನೂ ಹುಟ್ಟದಿದ್ದ ಕಾಲವದು. ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರ ಆಟ ನೋಡಿ ಕಲಿತ ಹುಡುಗರು ಅವರನ್ನೇ ಎದುರಿಸುವಷ್ಟು ಬೆಳೆದಿದ್ದರು. ಮೈಸೂರು ತಂಡ 1946-47ರಲ್ಲೇ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಅಹ್ಮದ್ ಖಾನ್ ಜೊತೆ ಧನರಾಜ್, ವರದರಾಜ್, ಸಾರಂಗಪಾಣಿ ರಾಮನ್ ಹೋದರು. ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ಆ ಒಂದು ಗೋಲು ರಾಮನ್ ಅವರದು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ಆಗ ನಮ್ಮಲ್ಲಿ ಫುಟ್‌ಬಾಲ್ ಹೆಸರಿಗೆ ಹವ್ಯಾಸಿ ಆಟ. ಆದರೆ ದೊಡ್ಡ ಕ್ಲಬ್, ಕಿಕ್ಕಿರಿದ ಜನ, ಬದುಕಿನ ದಾರಿ ಎಲ್ಲವೂ ಇದ್ದದ್ದು ಕಲ್ಕತ್ತೆಯಲ್ಲಿ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲೂ ಹಣ ಕೊಡದ ರಗ್ಬಿ ಯೂನಿಯನ್ ಬಿಟ್ಟು, ಹಣ ಕೊಡುವ ರಗ್ಬಿ ಲೀಗ್ ಸೇರಿದವರಿದ್ದರು. ಹಾಗೆ ಹೋದವರಿಗೆ ಹಳೆಯ ಆಟದ ಬಾಗಿಲು ಮುಚ್ಚುತ್ತಿತ್ತು. ಅಹ್ಮದ್ ಖಾನ್‌ಗೆ ಯಾರೂ ಬಾಗಿಲು ಮುಚ್ಚಲಿಲ್ಲ. ಆದರೆ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದವರು ಕಲ್ಕತ್ತೆಯವರೇ ಆಗಿಬಿಟ್ಟರು.

ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ ಮುಂಚೂಣಿಯಲ್ಲಿ ನಿಂತರು. ಐವರೂ ದಕ್ಷಿಣದವರು. ಬಂಗಾಳದ ಜನ ಅವರಿಗೆ ಇಟ್ಟ ಹೆಸರು 'ಪಂಚ ಪಾಂಡವರು'. 1949ರಿಂದ 1951ರವರೆಗೆ ಸತತ ಮೂರು ಸಲ ಐಎಫ್‌ಎ ಶೀಲ್ಡ್ ಅವರ ತಂಡದ ಪಾಲಾಯಿತು.

1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅಹ್ಮದ್ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಸೋಲಿಸಿತು. ಭಾರತದ ಏಕೈಕ ಗೋಲು ಅಹ್ಮದ್ ಖಾನ್ ಅವರದೇ. ಬರಿಗಾಲಿನ ಚಮತ್ಕಾರಕ್ಕೆ ಒಂದು ಮಿತಿಯಿದೆ ಎಂಬ ಪಾಠವನ್ನು ಆ ಸೋಲು ಕಲಿಸಿತು. ಮುಂದೆ ಬೂಟು ಕಡ್ಡಾಯವಾಯಿತು.

ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಅಷ್ಟರಲ್ಲಿ ಅವರು ಈಸ್ಟ್ ಬೆಂಗಾಲ್ ತಂಡ ಬಿಟ್ಟಾಗಿತ್ತು. ಬೆಳೆಸಿದ ಊರು ಮರೆತ ಆಟಗಾರನನ್ನು ಕೊನೆಯವರೆಗೂ ತನ್ನವನೆಂದದ್ದು ಆಡಿಸಿದ ಊರು. ಆ ಕೀರ್ತಿಯಲ್ಲಿ ನಮ್ಮ ಪಾಲೂ ಇದೆಯೆನ್ನಬೇಕಾದರೆ, ಮೊದಲು ಹೆಸರಾದರೂ ನಮಗೆ ನೆನಪಿರಬೇಕು.