ಬೆರೆಟ್ಟಾ ಎಂ-12: ಗಿಡ್ಡ ಬಂದೂಕಿನ ಭೌತಶಾಸ್ತ್ರ

ಉತ್ತರ ಇಟಲಿಯ ಬೆರೆಟ್ಟಾ ಸಂಸ್ಥೆಯು 1526ರಲ್ಲಿಯೇ ವೆನಿಸ್‌ಗೆ ಬಂದೂಕಿನ ನಳಿಗೆಗಳನ್ನು ಒದಗಿಸಿದ ದಾಖಲೆಯಿದೆ. 1950ರ ದಶಕದಲ್ಲಿ ಅಲ್ಲಿನ ವಿನ್ಯಾಸಕಾರ ಡೊಮೆನಿಕೊ ಸಾಲ್ಜಾ ಅವರ ಮುಂದಿದ್ದ ಸಮಸ್ಯೆ: ಸಬ್‌ಮಷೀನ್ ಗನ್ನನ್ನು ಗಿಡ್ಡಗೊಳಿಸುವುದು ಹೇಗೆ?

ಈ ಬಗೆಯ ಬಂದೂಕಿನಲ್ಲಿ ನಳಿಗೆಯ ಹಿಂಬದಿಯನ್ನು ಮುಚ್ಚುವುದು ಬೋಲ್ಟ್ ಎಂಬ ಉಕ್ಕಿನ ತುಂಡು. ಅದಕ್ಕೆ ಅಗುಳಿಯಿಲ್ಲ, ಅದರ ದ್ರವ್ಯರಾಶಿಯೇ ತಡೆ. 8 ಗ್ರಾಂ ಗುಂಡು ಸೆಕೆಂಡಿಗೆ 380 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಸಂವೇಗ ಸಂರಕ್ಷಣಾ ನಿಯಮದಂತೆ ಅರ್ಧ ಕಿಲೋಗ್ರಾಂ ಬೋಲ್ಟ್ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಹಿಂದೆ ಸರಿಯುತ್ತದೆ. ಬೋಲ್ಟ್ ತೀರ ಹಗುರವಾದರೆ, ಒತ್ತಡ ಇಳಿಯುವ ಮೊದಲೇ ತೋಟಾ ಹೊರಬಂದು ಒಡೆಯಬಹುದು. ಆದ್ದರಿಂದ ಬೋಲ್ಟ್ ಭಾರವಾಗಿರಲೇಬೇಕು. ಭಾರವಾದಷ್ಟೂ ಅದು ಉದ್ದ.

ಸಾಲ್ಜಾ ಬೋಲ್ಟನ್ನು ಟೊಳ್ಳಾಗಿಸಿ ನಳಿಗೆಯ ಸುತ್ತ ತೊಡಿಸಿದರು. 200 ಮಿ.ಮೀ. ನಳಿಗೆಯ ಮುಕ್ಕಾಲು ಭಾಗ ಬೋಲ್ಟಿನೊಳಗೇ ಅಡಗಿತು. ಜೆಕೊಸ್ಲೊವಾಕಿಯಾದಲ್ಲೂ ಇಸ್ರೇಲಿನ ಊಜಿಯಲ್ಲೂ ಈ ಉಪಾಯ ಮೊದಲೇ ಬಳಕೆಯಲ್ಲಿತ್ತು. ಬಟ್ಟು ಮಡಚಿದ ಎಂ-12ರ ಉದ್ದ 418 ಮಿ.ಮೀ. ಮಾತ್ರ. ತಯಾರಿಕೆ 1959ರಲ್ಲಿ ಆರಂಭವಾಗಿ, 1961ರಲ್ಲಿ ಇಟಲಿಯ ಪಡೆಗಳು ಅದನ್ನು ಅಂಗೀಕರಿಸಿದವು.

ಆದರೆ ಅದೇ ಭಾರ ಅಪಾಯಕಾರಿಯೂ ಹೌದು. ಗುಂಡು ತುಂಬಿದ ಬಂದೂಕು ಕೈಜಾರಿ, ಹಿಂಬದಿ ನೆಲಕ್ಕೆ ಬಡಿದರೆ ಬಂದೂಕು ನಿಲ್ಲುತ್ತದೆ. ಜಡತ್ವದಿಂದ ಬೋಲ್ಟ್ ಮಾತ್ರ ಹಿಂದೆ ಸರಿಯುತ್ತದೆ. ಸ್ಪ್ರಿಂಗ್ ಅದನ್ನು ಮತ್ತೆ ಮುಂದೆ ತಳ್ಳಿದಾಗ ಗುಂಡು ಹಾರಬಹುದು. ಎರಡನೆಯ ಮಹಾಯುದ್ಧ ಕಾಲದ ಬ್ರಿಟಿಷ್ ಸ್ಟೆನ್ ಗನ್ ಇಂತಹ ಅವಘಡಗಳಿಗೆ ಕುಖ್ಯಾತವಾಗಿತ್ತು. ಎಂ-12ರ ಹಿಡಿಯಲ್ಲಿ ಇದಕ್ಕಾಗಿಯೇ ಒಂದು ಸನ್ನೆಯಿದೆ. ಬೆರಳುಗಳು ಅದನ್ನು ಒತ್ತಿ ಹಿಡಿಯದಿದ್ದರೆ ಬೋಲ್ಟ್ ಕದಲದು.

ತರಗತಿಯಲ್ಲಿ ಜಡತ್ವವನ್ನು ವಿವರಿಸುವಾಗ, ತಟ್ಟನೆ ನಿಂತ ಬಸ್ಸಿನ ಉದಾಹರಣೆಯ ಜೊತೆಗೆ ಇದನ್ನೂ ಹೇಳಬಹುದು.