ಸಿಡುಬು ಕುಲದ ವೈರಸ್‌ಗಳು: ವಯೋಮಾನ ಮತ್ತು ರೋಗನಿರೋಧಕ ಶಕ್ತಿ

ಸಿಡುಬು, ಎಂಪಾಕ್ಸ್, ಎಮ್ಮೆ ಸಿಡುಬು ಇವುಗಳ ವೈರಸ್‌ಗಳು ಆರ್ಥೋಪಾಕ್ಸ್ ಎಂಬ ಒಂದೇ ಕುಲದವು. ಒಂದರ ವಿರುದ್ಧ ಬಂದ ರಕ್ಷಣೆ ಉಳಿದವಕ್ಕೂ ಬಹುಮಟ್ಟಿಗೆ ಒದಗುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲೂ ಈ ರಕ್ಷಣೆ ಯಾರಿಗಿದೆ ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ವಯಸ್ಸು.

ಭಾರತದ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ ಜಗತ್ತನ್ನು ಸಿಡುಬುಮುಕ್ತ ಎಂದು ಸಾರುವ ಹೊತ್ತಿಗೆ ಇಲ್ಲಿ ಮಕ್ಕಳಿಗೆ ದಾಕು (ಸಿಡುಬು ಲಸಿಕೆ) ಹಾಕುವುದು ನಿಂತಿತ್ತು. ಐವತ್ತು ದಾಟಿದ ಅನೇಕರ ತೋಳಿನಲ್ಲಿ ಅದರ ಗುಂಡನೆಯ, ತಗ್ಗಾದ ಕಲೆ ಈಗಲೂ ಇದೆ. ಕಿರಿಯರ ಎಡತೋಳಿನ ಕಲೆ ಕ್ಷಯ ತಡೆಯುವ ಬಿಸಿಜಿಯದು. ಸಿಡುಬಿನಿಂದ ಅದು ಕಾಯದು.

ಆಫ್ರಿಕಾದಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನವು ಸಿಡುಬು ಲಸಿಕೆ ಎಂಪಾಕ್ಸ್ ವಿರುದ್ಧ ಸುಮಾರು ಶೇ 85ರಷ್ಟು ರಕ್ಷಣೆ ಕೊಡುತ್ತದೆಂದು ಅಂದಾಜಿಸಿತು. ವರ್ಷಗಳು ಕಳೆದಂತೆ ಅದು ಕುಗ್ಗುತ್ತದೆ. 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದ, ಎಂಪಾಕ್ಸ್ ದೃಢಪಟ್ಟ ವ್ಯಕ್ತಿಗೆ 40 ವರ್ಷ: ದಾಕು ಕಾಣದ ತಲೆಮಾರು.

ಎಮ್ಮೆ ಸಿಡುಬಿಗಾಗಿ ಹೈನುಗಾರರು ಎಮ್ಮೆಯ ಕೆಚ್ಚಲಿನ ಗುಳ್ಳೆಗಳನ್ನು ಗಮನಿಸಬೇಕು. ಹಾಲು ಕರೆಯುವವರ ಕೈಗೆ ಅವು ಹರಡಬಲ್ಲವು. ಮಕ್ಕಳಿಗೆ ಬರುವ ಸೀತಾಳೆ ಸಿಡುಬು ಮಾತ್ರ ಈ ಕುಲದ್ದಲ್ಲ; ಅದು ಹರ್ಪಿಸ್ ಗುಂಪಿನ ವೈರಸ್‌ನಿಂದಾದದ್ದು, ಅದಕ್ಕೆ ಬೇರೆಯದೇ ಲಸಿಕೆ ಇದೆ.